ಎಂಜಿನ್ನಿನ ಒಳಗುಟ್ಟು ಮಾಲೀಕರಿಗೂ ತಿಳಿಯಲಿ

ಕಾರಿನ ಮೀಟರ್ ಫಲಕದಲ್ಲಿ ಹಳದಿ ಬಣ್ಣದ ಎಂಜಿನ್ ಚಿಹ್ನೆ ಹೊತ್ತಿಕೊಂಡರೆ ನಮ್ಮಲ್ಲಿ ಹೆಚ್ಚಿನ ಮಾಲೀಕರಿಗೆ ಉಳಿಯುವುದು ಎರಡೇ ದಾರಿ. ಕಂಪನಿಯ ಸರ್ವಿಸ್ ಸೆಂಟರಿಗೆ ಹೋಗಿ ಅವರು ಹೇಳಿದಷ್ಟು ಬಿಲ್ಲು ಕಟ್ಟುವುದು ಒಂದು. ಗೊತ್ತಿರುವ ಗ್ಯಾರೇಜಿನವರು ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುವುದನ್ನು ನೋಡುತ್ತಾ ಕೂರುವುದು ಇನ್ನೊಂದು. ದೀಪ ಯಾಕೆ ಹೊತ್ತಿತು ಎಂಬುದು ಕಾರಿಗೆ ಗೊತ್ತಿರುತ್ತದೆ. ಎಂಜಿನ್ನನ್ನು ನಿಯಂತ್ರಿಸುವ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಯಾವ ಸಿಲಿಂಡರಿನಲ್ಲಿ ಉರಿ ತಪ್ಪಿತು, ಆ ಹೊತ್ತಿಗೆ ಎಂಜಿನ್ ಎಷ್ಟು ಬಿಸಿಯಾಗಿತ್ತು, ಗಾಡಿ ಎಷ್ಟು ವೇಗದಲ್ಲಿತ್ತು ಎಂಬುದನ್ನೆಲ್ಲ ದಾಖಲಿಸಿ ಇಟ್ಟುಕೊಂಡಿರುತ್ತದೆ. ಹತ್ತು ಹದಿನೈದು ಲಕ್ಷ ಕೊಟ್ಟು ಕಾರು ಕೊಂಡವರಿಗೆ ಮಾತ್ರ ಆ ದಾಖಲೆಯನ್ನು ಪೂರ್ತಿ ಓದುವ ಅವಕಾಶವಿಲ್ಲ. ಇಂದಿನ ಎಂಜಿನ್ನಿನ ಬಾಳಿಕೆಯನ್ನು ಕಾರ್ಖಾನೆಯಲ್ಲಿ ಬಳಸಿದ ಲೋಹದಷ್ಟೇ ಬಲವಾಗಿ ನಿರ್ಧರಿಸುವುದು ಈ ಮಾಹಿತಿ ಯಾರ ಕೈಯಲ್ಲಿದೆ ಎಂಬ ಸಂಗತಿ. ಆದ್ದರಿಂದ ಅದನ್ನು ಓದುವ ಹಕ್ಕು ಮಾಲೀಕರಿಗೂ ಅವರು ನಂಬಿದ ಮೆಕ್ಯಾನಿಕ್‌ಗೂ ಕಾನೂನಿನಿಂದಲೇ ಸಿಗಬೇಕು ಎಂಬುದು ನನ್ನ ವಾದ. ಅದನ್ನು ಇಷ್ಟಬಂದಂತೆ ತಿದ್ದುವ ಹಕ್ಕು ಬೇರೆಯೇ ವಿಷಯ. ಅದಕ್ಕೆ ಮಿತಿ ಇರಲೇಬೇಕು.

ಒಂದು ಎಂಜಿನ್ ಗಟ್ಟಿ ಎಂಬ ಹೆಸರು ಪಡೆಯುವುದು ಹೇಗೆ ಎಂಬುದನ್ನು ನೋಡಲು ನಮ್ಮ ರಸ್ತೆಗಳಲ್ಲೇ ಒಳ್ಳೆಯ ಉದಾಹರಣೆ ಇದೆ. ಫಿಯೆಟ್ ರೂಪಿಸಿದ 1,248 ಸಿಸಿ ಡೀಸೆಲ್ ಎಂಜಿನ್ ಮಾರುತಿಯ ಸ್ವಿಫ್ಟ್, ಡಿಜೈರ್, ರಿಟ್ಜ್, ಎರ್ಟಿಗಾ, ಟಾಟಾದ ಇಂಡಿಕಾ ವಿಸ್ಟಾ, ಫಿಯೆಟ್‌ನದೇ ಪುಂಟೊ ಮತ್ತು ಲಿನಿಯಾ ಹೀಗೆ ಹತ್ತಾರು ಮಾದರಿಗಳಲ್ಲಿ ಓಡಿತು. 2020ರ ಏಪ್ರಿಲ್ 1ರಂದು ಬಿಎಸ್6 ಮಾಲಿನ್ಯ ನಿಯಮ ಜಾರಿಗೆ ಬಂದಾಗ ಹೊಸ ಕಾರುಗಳಲ್ಲಿ ಅದರ ಕಥೆ ಮುಗಿಯಿತು. ಆದರೂ ಅದೇ ಎಂಜಿನ್ನಿನ ಟ್ಯಾಕ್ಸಿಗಳು ಇಂದಿಗೂ ಓಡಾಡುತ್ತಿವೆ. ಎರಕದ ಕಬ್ಬಿಣದ ಬ್ಲಾಕ್, ಬೆಲ್ಟಿನ ಬದಲು ಟೈಮಿಂಗ್ ಚೈನ್, ಇವೆಲ್ಲ ಅದರ ಬಲವೇ ಹೌದು. ಅಷ್ಟೇ ದೊಡ್ಡ ಬಲ ಇನ್ನೊಂದಿತ್ತು. ಹಲವು ಕಂಪನಿಗಳು ಒಂದೇ ಎಂಜಿನ್ ಬಳಸಿದ್ದರಿಂದ ಅದನ್ನು ಬಿಚ್ಚಿ ಜೋಡಿಸಿದ ಕೈಗಳು ಸಾವಿರಾರು. ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೇಳಿದ ಕೂಡಲೇ ಸಿಕ್ಕವು. ಯಾವ ಸದ್ದಿಗೆ ಏನು ಕಾರಣ ಎಂಬ ತಿಳಿವಳಿಕೆ ಗ್ಯಾರೇಜಿನಿಂದ ಗ್ಯಾರೇಜಿಗೆ ಹರಡಿತು. ಇದಕ್ಕೆ ವಿರುದ್ಧವಾದ ಚಿತ್ರವೂ ಇದೆ. ಜನರಲ್ ಮೋಟಾರ್ಸ್ 2017ರ ಕೊನೆಗೆ ಭಾರತದಲ್ಲಿ ಶೆವರ್ಲೆ ಕಾರುಗಳ ಮಾರಾಟ ನಿಲ್ಲಿಸಿತು. ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಘೋಷಿಸಿತು. ಶೆವರ್ಲೆ ಬೀಟ್‌ನ 936 ಸಿಸಿ ಡೀಸೆಲ್ ಎಂಜಿನ್ ಮೇಲೆ ಹೇಳಿದ ಫಿಯೆಟ್ ಎಂಜಿನ್ನಿನ ವಂಶದ್ದೇ. ಆದರೆ ತಯಾರಕರು ಮಾರುಕಟ್ಟೆ ಬಿಟ್ಟು ಹೋದ ಮೇಲೆ ಡೀಲರುಗಳ ಸಂಖ್ಯೆ ಕರಗುತ್ತದೆ, ಕಂಪನಿಯ ಸ್ಕ್ಯಾನರ್ ಇರುವ ಜಾಗಗಳು ಕಡಿಮೆಯಾಗುತ್ತವೆ. ಅಂಥ ಕಾರಿನ ಆಯುಷ್ಯ ಲೋಹ ಸವೆಯುವ ಮೊದಲೇ ಮುಗಿದುಹೋಗಬಹುದು.

ಬಿಎಸ್6 ಬಂದ ಮೇಲೆ ಮಾಹಿತಿಯ ಬೆಲೆ ಇನ್ನೂ ಹೆಚ್ಚಿದೆ. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಈಗ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಜೇನುಗೂಡಿನಂತೆ ಸಣ್ಣ ಸಣ್ಣ ಕಂಡಿಗಳಿರುವ ಪಿಂಗಾಣಿಯ ಈ ಗಟ್ಟಿ ಮಸಿಯನ್ನು ಹಿಡಿದಿಡುತ್ತದೆ. ಮಸಿ ತುಂಬುತ್ತಾ ಬಂದಾಗ ಇಸಿಯು ಸಿಲಿಂಡರಿಗೆ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಹೊಗೆಯ ಶಾಖವನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸಿ, ಆ ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಇದು ಮುಗಿಯಲು ಗಾಡಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ಮನೆಯಿಂದ ಕಚೇರಿಗೆ ನಾಲ್ಕು ಕಿಲೋಮೀಟರ್, ನಡುವೆ ಆರು ಸಿಗ್ನಲ್ ಎಂಬ ಬೆಂಗಳೂರಿನ ಓಡಾಟದಲ್ಲಿ ಸುಡುವ ಕೆಲಸ ಶುರುವಾದ ಮೇಲೆ ಕಾರು ಆಫ್ ಆಗುತ್ತದೆ. ಮರುದಿನ ಮತ್ತೆ ಶುರು, ಮತ್ತೆ ಅರ್ಧಕ್ಕೆ ನಿಲುಗಡೆ. ಪ್ರತಿ ಸಲವೂ ಪೂರ್ತಿ ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಬಾನೆಟ್ ತೆಗೆದು ಆಯಿಲ್ ಕಡ್ಡಿ ಎಳೆದು ನೋಡಿದರೆ ಮಟ್ಟ ಇಳಿಯುವ ಬದಲು ಏರಿರುತ್ತದೆ. ಆಯಿಲ್ ಕಡಿಮೆಯಾಗಿಲ್ಲವಲ್ಲ ಎಂದು ಮಾಲೀಕರಿಗೆ ಸಮಾಧಾನ. ಆದರೆ ಡೀಸೆಲ್ ಬೆರೆತು ತೆಳ್ಳಗಾದ ಅದೇ ಆಯಿಲ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ದಂಡವನ್ನು ಕಾಯಬೇಕು. ಫಿಲ್ಟರಿನಲ್ಲಿ ಎಷ್ಟು ಮಸಿ ತುಂಬಿದೆ, ಕೊನೆಯ ಬಾರಿ ಪೂರ್ತಿ ಸುಟ್ಟು ಎಷ್ಟು ಕಿಲೋಮೀಟರ್ ಆಯಿತು ಎಂಬ ಲೆಕ್ಕ ಇಸಿಯುವಿನಲ್ಲಿ ಇರುತ್ತದೆ. ಅದು ಕಣ್ಣಿಗೆ ಬಿದ್ದಿದ್ದರೆ ಒಂದು ಭಾನುವಾರ ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಬಂದರೆ ಸಾಕಿತ್ತು. ಕಾಣದಿದ್ದರೆ ಕೊನೆಗೆ ಫಿಲ್ಟರ್ ಬದಲಿಸುವ ದೊಡ್ಡ ಬಿಲ್ಲು ಬರುತ್ತದೆ. ಇಲ್ಲಿ ಲೋಹ ಸೋತಿಲ್ಲ, ಮಾಲೀಕರೂ ನಿರ್ಲಕ್ಷ್ಯ ಮಾಡಿಲ್ಲ. ತಿಳಿಯಬೇಕಾದದ್ದು ತಿಳಿಯಬೇಕಾದವರಿಗೆ ತಿಳಿಯಲಿಲ್ಲ, ಅಷ್ಟೆ.

ಮಾಹಿತಿ ತೆರೆದಿದ್ದರೆ ಎಷ್ಟು ಅನುಕೂಲ ಎಂಬುದಕ್ಕೆ ಪುರಾವೆಯೂ ಕಾರಿನೊಳಗೇ ಇದೆ. ಸ್ಟೀರಿಂಗ್ ಕೆಳಗಿರುವ ದೋಷ ಪತ್ತೆಗೆಂದೇ ಇರುವ ಹದಿನಾರು ಪಿನ್ನಿನ ಒಬಿಡಿ ಸಾಕೆಟ್ಟಿಗೆ ಸಾವಿರ ರೂಪಾಯಿ ಆಸುಪಾಸಿನ ಬ್ಲೂಟೂತ್ ಸಾಧನವನ್ನು ಸಿಕ್ಕಿಸಿ ಮೊಬೈಲಿನಲ್ಲಿ ಕೆಲವು ಸಂಗತಿಗಳನ್ನು ಯಾರಾದರೂ ಓದಬಹುದು. ಪಿ0300 ಎಂದು ಬಂದರೆ ಸಿಲಿಂಡರುಗಳಲ್ಲಿ ಉರಿ ತಪ್ಪುತ್ತಿದೆ, ಪಿ0420 ಎಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದು ಅರ್ಥ. ಇವು ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತಗಳು. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಬಗ್ಗೆ ಎದ್ದ ಗಾಬರಿಯನ್ನೇ ತೆಗೆದುಕೊಳ್ಳಿ. ಲೀಟರಿನ ಲೆಕ್ಕದಲ್ಲಿ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ. ಹಳೆಯ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ತನ್ನ ಕಾರು ಇದನ್ನು ಹೇಗೆ ತಾಳಿಕೊಳ್ಳುತ್ತಿದೆ ಎಂದು ತಿಳಿಯಬೇಕೆನ್ನುವವರು ವಾಟ್ಸ್ಆ್ಯಪ್ ಸಂದೇಶಗಳನ್ನು ನಂಬಬೇಕಾಗಿಲ್ಲ. ಇಸಿಯು ಎಷ್ಟು ಹೆಚ್ಚು ಇಂಧನ ಸೇರಿಸಿ ಸರಿದೂಗಿಸುತ್ತಿದೆ ಎಂಬ ಫ್ಯುಯಲ್ ಟ್ರಿಮ್ ಅಂಕಿ ಆ ಅಗ್ಗದ ಸಾಧನದಲ್ಲೇ ಕಾಣುತ್ತದೆ. ಅಂಕಿ ಕಣ್ಣೆದುರು ಇದ್ದಾಗ ಗಾಬರಿಗೂ ಜಾಗವಿಲ್ಲ, ಸುಳ್ಳು ಭರವಸೆಗೂ ಜಾಗವಿಲ್ಲ. ಆದರೆ ನಮ್ಮಲ್ಲಿ ಒಬಿಡಿ ಕಡ್ಡಾಯವಾದದ್ದು ಮಾಲಿನ್ಯ ನಿಯಂತ್ರಣದ ಸಲುವಾಗಿ. ಆದ್ದರಿಂದ ಮಾಲಿನ್ಯಕ್ಕೆ ಸಂಬಂಧಿಸಿದ ಕೆಲವು ವಿವರಗಳಷ್ಟೇ ತೆರೆದಿವೆ. ಉಳಿದದ್ದೆಲ್ಲ ಕಂಪನಿಯ ಸ್ವಂತ ಸಂಕೇತಗಳಲ್ಲಿ ಅಡಗಿದೆ. ಇಂಜೆಕ್ಟರ್ ಬದಲಿಸಿದ ಮೇಲೆ ಅದರ ಸಂಖ್ಯೆಯನ್ನು ಇಸಿಯುವಿಗೆ ತಿಳಿಸುವಂಥ ಸರಳ ಕೆಲಸಕ್ಕೂ ಎಷ್ಟೋ ಕಾರುಗಳಲ್ಲಿ ಕಂಪನಿಯ ಉಪಕರಣವೇ ಬೇಕು.

ಇದು ಅನ್ಯಾಯ ಎಂಬುದು ಬರೀ ಮಾಲೀಕರ ಗೊಣಗಾಟವಲ್ಲ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ ದೇಶದ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳು, ದೋಷ ಪತ್ತೆಯ ಉಪಕರಣಗಳು ಮತ್ತು ತಾಂತ್ರಿಕ ಕೈಪಿಡಿಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದು ಸ್ಪರ್ಧೆಯನ್ನು ಹತ್ತಿಕ್ಕಲಾಗಿದೆ ಎಂಬುದು ಆಯೋಗದ ತೀರ್ಮಾನವಾಗಿತ್ತು. ಅವೆಲ್ಲವೂ ಮುಕ್ತ ಮಾರುಕಟ್ಟೆಯಲ್ಲಿ ಸಿಗುವಂತೆ ಮಾಡಿ ಎಂದು ಅದು ಆದೇಶಿಸಿತು. ಹೊರಗೆ ರಿಪೇರಿ ಮಾಡಿಸಿದರೆಂಬ ಒಂದೇ ಕಾರಣಕ್ಕೆ ವಾರಂಟಿಯನ್ನು ಪೂರ್ತಿ ರದ್ದು ಮಾಡುವಂತಿಲ್ಲ, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದೂ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ತಡೆಯಾಜ್ಞೆಗಳು ಬಂದವು, ವರ್ಷಗಳು ಉರುಳಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿ, ಮೊಬೈಲ್, ಗೃಹೋಪಯೋಗಿ ವಸ್ತು, ಕೃಷಿ ಉಪಕರಣಗಳ ಜೊತೆ ವಾಹನಗಳನ್ನೂ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಕೂಡ ಬಂತು. ಆದರೆ ಪೋರ್ಟಲ್ ಇದ್ದ ಮಾತ್ರಕ್ಕೆ ಹಕ್ಕು ಬಂದಂತಲ್ಲ. ಕಂಪನಿಗಳು ಎಷ್ಟು ಹೇಳಲು ಬಯಸುತ್ತವೆಯೋ ಅಷ್ಟೇ ಅಲ್ಲಿ ಸಿಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2012ರಲ್ಲೇ ಕಾರು ದುರಸ್ತಿಯ ಮಾಹಿತಿಯನ್ನು ಕಾನೂನಿನ ಮೂಲಕ ತೆರೆಯಿತು. ಎರಡೇ ವರ್ಷದಲ್ಲಿ ತಯಾರಕರು ಇಡೀ ದೇಶಕ್ಕೆ ಅದೇ ಪದ್ಧತಿಯನ್ನು ಒಪ್ಪಿಕೊಂಡರು. ಐರೋಪ್ಯ ಒಕ್ಕೂಟದಲ್ಲಂತೂ ತಯಾರಕರು ತಮ್ಮ ಡೀಲರಿಗೆ ಕೊಡುವ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಭೇದವಿಲ್ಲದೆ, ಸಮಂಜಸ ಶುಲ್ಕಕ್ಕೆ ಕೊಡಬೇಕೆಂಬ ನಿಯಮವೇ ಇದೆ. ಹಾಗೆ ಮಾಡಿದ್ದರಿಂದ ಅಲ್ಲಿನ ಯಾವ ಕಂಪನಿಯೂ ಬಾಗಿಲು ಮುಚ್ಚಲಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಸುರಕ್ಷತೆಯದ್ದು. ರಸ್ತೆಬದಿಯ ಗ್ಯಾರೇಜಿನವರಿಗೆ ಇಂದಿನ ಎಂಜಿನ್ ಅರ್ಥವಾಗುವುದಿಲ್ಲ, ಅವರ ಕೈಗೆ ಉಪಕರಣ ಕೊಟ್ಟರೆ ಅಪಾಯ ಎನ್ನುತ್ತಾರೆ. ತರಬೇತಿಯ ಕೊರತೆ ಇರುವುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವಾರಂಟಿ ಮುಗಿದ ಕಾರುಗಳಲ್ಲಿ ಬಹಳಷ್ಟು ಹೋಗುವುದು ಅದೇ ಗ್ಯಾರೇಜುಗಳಿಗೆ. ಮಾಹಿತಿ ಕೊಡದಿದ್ದರೆ ಆ ಮೆಕ್ಯಾನಿಕ್ ಕೆಲಸ ನಿಲ್ಲಿಸುವುದಿಲ್ಲ, ಕುರುಡು ಅಂದಾಜಿನಲ್ಲಿ ಮಾಡುತ್ತಾರೆ. ಯಾವ ಬೋಲ್ಟಿಗೆ ಎಷ್ಟು ಬಿಗಿತ, ಯಾವ ಎಂಜಿನ್ನಿಗೆ ಯಾವ ದರ್ಜೆಯ ಆಯಿಲ್ ಎಂಬುದು ಗೊತ್ತಿರುವ ಮೆಕ್ಯಾನಿಕ್ ಹೆಚ್ಚು ಅಪಾಯಕಾರಿಯೋ, ಗೊತ್ತಿಲ್ಲದವರೋ? ಇಂದಿನ ಕೆಲವು ಪೆಟ್ರೋಲ್ ಎಂಜಿನ್ನುಗಳಿಗೆ 0ಡಬ್ಲ್ಯು-16ರಂಥ ತೀರ ತೆಳುವಾದ ಆಯಿಲ್ ಬೇಕು. ಹಳೆಯ ಅಭ್ಯಾಸದಂತೆ ದಪ್ಪ ಆಯಿಲ್ ಹಾಕುವುದು ದುರುದ್ದೇಶದಿಂದಲ್ಲ, ತಿಳಿಯದೆ. ಇನ್ನು ಕಲಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲವೆಂದಲ್ಲ. ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಲಾಗಿದೆ. ಅಲ್ಲಿ ಕಲಿತು ಹೊರಬರುವ ಹುಡುಗ ಹುಡುಗಿಯರು ಹಾವೇರಿಯಲ್ಲೋ ಸಿಂಧನೂರಿನಲ್ಲೋ ಸ್ವಂತ ಗ್ಯಾರೇಜ್ ಇಟ್ಟರೆ ಅವರ ಕೈಗೆ ಕಂಪನಿಯ ಕೈಪಿಡಿ ಸಿಗಬೇಡವೇ? ಕಲಿಕೆಯನ್ನು ಪ್ರೋತ್ಸಾಹಿಸಿ ಮಾಹಿತಿಯನ್ನು ಬಚ್ಚಿಟ್ಟರೆ ಆ ಕಲಿಕೆ ನಿಷ್ಪ್ರಯೋಜಕ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು, ಅದರಲ್ಲಿ ಅರ್ಧ ಸತ್ಯವೂ ಇದೆ. ಇಸಿಯು ತೆರೆದರೆ ಎಲ್ಲರೂ ಟ್ಯೂನಿಂಗ್‌ಗೆ ಇಳಿಯುತ್ತಾರೆ, ಊರಿಗೆಲ್ಲ ಹೊಗೆ ಕುಡಿಸುತ್ತಾರೆ ಎಂಬ ಆತಂಕ ಅದು. ಟರ್ಬೊ ಇರುವ ಡೀಸೆಲ್ ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸಿ, ಅಂದರೆ ರೀಮ್ಯಾಪ್ ಮಾಡಿ, ಗಾಳಿಯ ಒತ್ತಡವನ್ನೂ ಇಂಧನವನ್ನೂ ಏರಿಸಿದರೆ ಶಕ್ತಿ ನಾಲ್ಕನೇ ಒಂದು ಭಾಗದಷ್ಟು ಹೆಚ್ಚುವುದುಂಟು. ಅದು ಪುಕ್ಕಟೆಯಾಗಿ ಬರುವುದಿಲ್ಲ. ಕ್ಲಚ್ಚು, ಗೇರ್‌ಬಾಕ್ಸು, ಟರ್ಬೊ, ಪಿಸ್ಟನ್ನುಗಳಿಗೆ ಕಾರ್ಖಾನೆ ಉಳಿಸಿಟ್ಟಿದ್ದ ತಾಳಿಕೆಯನ್ನು ತಿಂದೇ ಆ ಶಕ್ತಿ ಬರುವುದು. ತೆಗೆದುಕೊಂಡ ಹೆಚ್ಚುವರಿ ಎಳೆತವನ್ನು ಮುಂದೆ ರಿಪೇರಿಯಲ್ಲಿ ತೀರಿಸಬೇಕಾಗುತ್ತದೆ. ಇದು ಮಾಲೀಕರ ಸ್ವಂತ ನಷ್ಟದ ಮಾತಾಯಿತು. ಕಟ್ಟಿಕೊಂಡ ಡಿಪಿಎಫ್ ಅನ್ನೇ ಕಿತ್ತುಹಾಕಿ, ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ಮುಚ್ಚಿ, ದೀಪ ಹೊತ್ತದಂತೆ ಸಾಫ್ಟ್‌ವೇರಿನ ಬಾಯಿ ಕಟ್ಟುವುದು ಮಾತ್ರ ನೇರವಾಗಿ ಇತರರಿಗೆ ಮಾಡುವ ದ್ರೋಹ. ಹಿಂದೆ ಸ್ಕೂಟರಿನಲ್ಲಿ ಬರುವ ಮಗುವಿನ ಶ್ವಾಸಕೋಶಕ್ಕೆ ಆ ಮಸಿ ಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿ ಇಂಥ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶ ಕೊಟ್ಟಿದೆ. ಈ ಕಟ್ಟುನಿಟ್ಟನ್ನು ನಾನು ಪೂರ್ತಿ ಒಪ್ಪುತ್ತೇನೆ.

ಆದರೆ ಓದಲು ಬಿಟ್ಟರೆ ತಿದ್ದಲು ಬಿಟ್ಟಂತೆ ಎಂಬ ತರ್ಕವನ್ನು ಒಪ್ಪಲಾರೆ. ಜಮೀನಿನ ಪಹಣಿಯನ್ನು ಭೂಮಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಒಂದಕ್ಷರ ಬದಲಾಗಬೇಕಾದರೆ ಅರ್ಜಿ, ಆಕ್ಷೇಪಣೆಗೆ ಅವಕಾಶ, ಅಧಿಕಾರಿಯ ಆದೇಶ ಎಲ್ಲ ಆಗಿಯೇ ಮ್ಯುಟೇಷನ್ ಆಗುತ್ತದೆ. ರೈತ ತಿದ್ದಿಬಿಟ್ಟಾನು ಎಂಬ ಭಯಕ್ಕೆ ಪಹಣಿಯನ್ನು ತೋರಿಸದೆ ಇಟ್ಟಿದ್ದರೆ ಏನಾಗುತ್ತಿತ್ತು ಎಂದು ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಎಂಜಿನ್ನಿಗೂ ಇದೇ ನ್ಯಾಯ ಸಲ್ಲಬೇಕು. ದೋಷ ಸಂಕೇತ, ಸೆನ್ಸರ್ ಅಂಕಿ, ಮಸಿಯ ಲೆಕ್ಕ, ಸರ್ವಿಸ್ ಕೈಪಿಡಿ, ಬಿಡಿಭಾಗದ ಸಂಖ್ಯೆ ಮತ್ತು ಬೆಲೆ ಎಲ್ಲವೂ ತೆರೆದಿರಲಿ. ಹೊಸ ಭಾಗವನ್ನು ನೋಂದಾಯಿಸುವಂಥ ರಿಪೇರಿಯ ಆದೇಶಗಳು ಪರವಾನಗಿ ಇರುವ ಗ್ಯಾರೇಜಿಗೆ ಸಿಗಲಿ. ಹೊಗೆಯ ಗುಣವನ್ನೂ ಎಂಜಿನ್ನಿನ ಶಕ್ತಿಯನ್ನೂ ಬದಲಿಸುವ ಸಾಫ್ಟ್‌ವೇರನ್ನು ಮುಟ್ಟಬೇಕೆಂದರೆ, ಸಿಎನ್‌ಜಿ ಕಿಟ್ ಹಾಕಿಸುವಾಗ ಹೇಗೋ ಹಾಗೆಯೇ, ಅನುಮೋದನೆ ಮತ್ತು ಆರ್‌ಟಿಒ ದಾಖಲೆ ಕಡ್ಡಾಯವಾಗಲಿ. ಟ್ಯೂನಿಂಗ್ ಕಲೆಯಲ್ಲಿ ಆಸಕ್ತಿಯುಳ್ಳವರಿಗೂ ಆಗ ಕದ್ದುಮುಚ್ಚಿ ಮಾಡುವ ಅಗತ್ಯ ಇರುವುದಿಲ್ಲ.

ಇನ್ನೊಂದು ಮಾತು. ಬೀಗ ಹಾಕಿದ ಸಾಫ್ಟ್‌ವೇರ್ ಇದ್ದರೆ ಗಾಳಿ ಶುದ್ಧವಾಗಿರುತ್ತದೆ ಎಂಬ ನಂಬಿಕೆಗೆ ಇತಿಹಾಸ ಈಗಾಗಲೇ ಉತ್ತರ ಕೊಟ್ಟಿದೆ. ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡವೊಂದು 2013ರಲ್ಲಿ ಡೀಸೆಲ್ ಕಾರುಗಳ ಡಿಕ್ಕಿಯಲ್ಲಿ ಮಾಪಕ ಇಟ್ಟುಕೊಂಡು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿತು. ಆ ತಂಡದ ಸಂಶೋಧಕರಲ್ಲಿ ಬೆಂಗಳೂರು ಮೂಲದ ಹೇಮಂತ್ ಕಪ್ಪಣ್ಣ ಕೂಡ ಒಬ್ಬರು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಪಾಸಾಗಿದ್ದ ಫೋಕ್ಸ್‌ವ್ಯಾಗನ್ ಜೆಟ್ಟಾ ರಸ್ತೆಯಲ್ಲಿ ನೈಟ್ರೋಜನ್ ಆಕ್ಸೈಡ್‌ಗಳನ್ನು ಮಿತಿಯ 15ರಿಂದ 35 ಪಟ್ಟು ಹೆಚ್ಚು ಉಗುಳುತ್ತಿತ್ತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಶುದ್ಧವಾಗಿ ನಡೆದುಕೊಳ್ಳುವಂತೆ ಇಸಿಯುವಿಗೆ ಕಲಿಸಲಾಗಿತ್ತು ಎಂಬುದು 2015ರ ಸೆಪ್ಟೆಂಬರಿನಲ್ಲಿ ಜಗತ್ತಿಗೆ ಗೊತ್ತಾಯಿತು. ವಿಶ್ವದಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಭಾರತದಲ್ಲೂ 3.23 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಸರಿಪಡಿಸಲು ವಾಪಸು ಕರೆಯಬೇಕಾಯಿತು. ಅಷ್ಟು ದೊಡ್ಡ ಮಟ್ಟದಲ್ಲಿ ಗಾಳಿ ಕೆಡಿಸಿದ್ದು ಗಲ್ಲಿಯ ಟ್ಯೂನರ್ ಅಲ್ಲ, ಬೀಗದ ಕೈ ಇಟ್ಟುಕೊಂಡಿದ್ದ ತಯಾರಕರೇ. ಅದನ್ನು ಹಿಡಿದವರು ಹೊರಗಿನಿಂದ ಅಳೆದು ನೋಡಿದವರು. ಅಳೆಯುವ ಕಣ್ಣುಗಳು ಹೆಚ್ಚಿದಷ್ಟೂ ಮೋಸಕ್ಕೆ ಜಾಗ ಕಡಿಮೆ. ನಮ್ಮ ಎಮಿಷನ್ ಟೆಸ್ಟ್ ಕೇಂದ್ರಗಳು ಇಂದಿಗೂ ಪೆಟ್ರೋಲ್ ಕಾರನ್ನು ನಿಂತಲ್ಲೇ ಓಡಿಸಿ ಹೊಗೆಯ ಅನಿಲವನ್ನಷ್ಟೇ ಅಳೆಯುತ್ತವೆ, ಡೀಸೆಲ್ ಕಾರಿನ ಆಕ್ಸಿಲರೇಟರ್ ಒತ್ತಿಸಿ ಹೊಗೆಯ ಕಪ್ಪನ್ನಷ್ಟೇ ನೋಡುತ್ತವೆ. ಒಬಿಡಿ ಸಾಕೆಟ್ಟಿನಿಂದ ದೋಷ ದಾಖಲೆಯನ್ನೂ ಓದುವ ನಿಯಮ ಬಂದರೆ ಡಿಪಿಎಫ್ ಕಿತ್ತವರಲ್ಲಿ ಹಲವರು ಸಿಕ್ಕಿಬೀಳುತ್ತಾರೆ.

ಕಳ್ಳತನ ಮತ್ತು ವ್ಯಾಪಾರದ ಗುಟ್ಟಿನ ಆಕ್ಷೇಪಗಳಿಗೆ ಉತ್ತರ ಚಿಕ್ಕದು. ಕೀ ಪ್ರೋಗ್ರಾಮಿಂಗ್, ಇಮೊಬಿಲೈಸರ್‌ನಂಥ ಭದ್ರತಾ ವಿವರಗಳನ್ನು ಎಲ್ಲರಿಗೂ ಹಂಚಬೇಕೆಂದು ಯಾರೂ ಕೇಳುತ್ತಿಲ್ಲ. ಯುರೋಪಿನಲ್ಲಿ ಅದಕ್ಕೆ ಹಿನ್ನೆಲೆ ಪರಿಶೀಲಿಸಿ ಮಾನ್ಯತೆ ಪಡೆದ ಮೆಕ್ಯಾನಿಕ್‌ಗಳ ಪ್ರತ್ಯೇಕ ವ್ಯವಸ್ಥೆಯೇ ಇದೆ. ಎಂಜಿನ್ ಹೇಗೆ ವಿನ್ಯಾಸ ಮಾಡಿದಿರಿ ಎಂದೂ ಯಾರೂ ಕೇಳುತ್ತಿಲ್ಲ, ಮಾರಿದ ಎಂಜಿನ್ನಿಗೆ ಏನಾಗಿದೆ ಎಂದು ಹೇಳಿ ಎನ್ನುವುದಷ್ಟೇ ಬೇಡಿಕೆ.

ಹಕ್ಕಿನ ಜೊತೆ ಮಾಲೀಕರ ಹೊಣೆಯೂ ಬರುತ್ತದೆ. ಮಾಹಿತಿ ಸಿಕ್ಕಿದರೆ ಸಾಲದು, ಓದಬೇಕು. ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಧೂಳಿನ ರಸ್ತೆ, ಪದೇಪದೇ ಚಿಕ್ಕ ಓಡಾಟ, ಟ್ರಾಫಿಕ್ಕಿನಲ್ಲಿ ನಿಂತು ಸಾಗುವ ಬಳಕೆಗೆ ಆಯಿಲನ್ನು ಬೇಗ ಬದಲಿಸಿ ಎಂಬ ಸೂಚನೆ ಸಾಮಾನ್ಯವಾಗಿ ಇರುತ್ತದೆ. ನಮ್ಮ ನಗರಗಳ ಓಡಾಟವೆಲ್ಲ ಆ ವರ್ಗಕ್ಕೇ ಸೇರುತ್ತದೆ. ಪ್ರತಿ ರಿಪೇರಿಯ ಬಿಲ್ಲು, ಬದಲಿಸಿದ ಭಾಗದ ಸಂಖ್ಯೆ, ಆಗಿನ ಕಿಲೋಮೀಟರ್ ಇವನ್ನು ಒಂದು ಫೈಲಿನಲ್ಲಿ ಇಟ್ಟುಕೊಂಡವರ ಕಾರು ಹೆಚ್ಚು ಕಾಲ ಬಾಳುತ್ತದೆ, ಮಾರುವಾಗ ಒಳ್ಳೆಯ ಬೆಲೆಯನ್ನೂ ತರುತ್ತದೆ. ಆದರೆ ಮಾಲೀಕರ ಶಿಸ್ತು ಎಷ್ಟೇ ಇದ್ದರೂ ಮುಚ್ಚಿದ ಬಾಗಿಲನ್ನು ಅದು ತೆರೆಯಲಾರದು. ಸ್ಪರ್ಧಾ ಆಯೋಗ 2014ರಲ್ಲಿ ಹೇಳಿದ್ದನ್ನು ಸಂಸತ್ತು ಒಂದು ಸ್ಪಷ್ಟ ಕಾಯ್ದೆಯಾಗಿ ಬರೆಯಬೇಕು. ತಯಾರಕರು ಮಾರುಕಟ್ಟೆ ಬಿಟ್ಟು ಹೋಗುವಾಗ ದುರಸ್ತಿಯ ಮಾಹಿತಿ ಮತ್ತು ಉಪಕರಣಗಳನ್ನು ಸಾರ್ವಜನಿಕವಾಗಿ ಬಿಟ್ಟುಕೊಟ್ಟೇ ಹೋಗಬೇಕೆಂಬ ಷರತ್ತು ಅದರಲ್ಲಿರಬೇಕು. ಸಾಲ ಮಾಡಿ ಕಾರು ಕೊಳ್ಳುವ ಮಧ್ಯಮ ವರ್ಗದ ಕುಟುಂಬಕ್ಕೂ, ಟ್ಯಾಕ್ಸಿಯ ಮೇಲೆ ಬದುಕು ಕಟ್ಟಿಕೊಂಡ ಚಾಲಕರಿಗೂ ಎಂಜಿನ್ ಎರಡು ವರ್ಷ ಹೆಚ್ಚು ಬಾಳಿದರೆ ಅದು ದೊಡ್ಡ ಉಳಿತಾಯ. ಬೆಲೆ ಕೊಟ್ಟು ಕೊಂಡ ಯಂತ್ರಕ್ಕೆ ಏನಾಗಿದೆ ಎಂದು ತಿಳಿಯುವುದಕ್ಕೆ ಇನ್ನೊಬ್ಬರ ಅಪ್ಪಣೆ ಬೇಕಾಗಿರುವ ಸ್ಥಿತಿಯನ್ನು ನಾವು ಇನ್ನಷ್ಟು ವರ್ಷ ಸಹಿಸಿಕೊಳ್ಳಬೇಕಾದ ಕಾರಣವಿಲ್ಲ.